ಮಿಚಿಕೊ ಅವರ ಸಂದರ್ಶನ

ಮಾನ್ಯ ಓದುಗರೇ,

ಅರ್ಜಿಗಳನ್ನು ಬಿಟ್ಟರೆ ಇದು ನನ್ನ ಮೊದಲ ಬರಹ. ಸೊಟ್ಟ ಅಕ್ಷರಗಳಿಗೂ ತಪ್ಪಿದ ಒತ್ತುಗಳಿಗೂ ಆರಂಭದಲ್ಲೇ ತಮ್ಮ ಕ್ಷಮೆ ಕೋರುತ್ತೇನೆ. ಚಟ್ನಿಪುಡಿ ತುಂಬಿ ಕಳುಹಿಸಿದ್ದ ನನ್ನ ಡಬ್ಬಿ ಈ ದಿನ ಹಿಂತಿರುಗಿದೆ. ಮುಚ್ಚಳ ತೆಗೆದರೆ ಹುರಿದ ಎಳ್ಳಿನ ವಾಸನೆ. ಡಬ್ಬಿಯನ್ನು ಬರಿದಾಗಿ ಕೊಡದ ಆ ಸ್ನೇಹಿತೆಯ ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ, ನಾವಿರುವ ಅಮೆರಿಕದ ಏಪೆಕ್ಸ್ ಊರಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ಕಲಿಸುವ ಸ್ವಯಂಸೇವಕಿಯಾಗಿ ಸೇರಿದೆ. ನನ್ನ ಪಾಲಿಗೆ ಬಂದವರು ಜಪಾನಿನ ಮಿಚಿಕೊ. ತಮ್ಮ ದೇಶದಲ್ಲಿ ಹನ್ನೆರಡು ವರ್ಷ ಶಿಶುವಿಹಾರದ ಶಿಕ್ಷಕಿಯಾಗಿದ್ದವರು. ಇಲ್ಲಿನ ಶಿಶುವಿಹಾರವೊಂದರ ಸಂದರ್ಶನಕ್ಕೆ ಮೂರು ವಾರವಿತ್ತು. ಈ ಕೆಲಸವೂ ಸಿಗದಿದ್ದರೆ ಪತಿಯನ್ನು ಇಲ್ಲೇ ಬಿಟ್ಟು ಊರಿಗೆ ಮರಳುವುದೆಂದು ನಿರ್ಧರಿಸಿದ್ದರು.

ಅವರನ್ನು ಕಾಡಿದ್ದು ಇಂಗ್ಲಿಷಿನ ‘ಹ್ಯಾವ್’. “ತಿಂದೆ. ಮುಗೀತು. ಮತ್ತೆ ಹ್ಯಾವ್ ಯಾಕೆ?” ಎಂದು ಕೇಳಿದರು. ಅವರ ಭಾಷೆಯಲ್ಲಿ ‘ಐ ಏಟ್’, ‘ಐ ಹ್ಯಾವ್ ಈಟನ್’ ಎರಡಕ್ಕೂ ಒಂದೇ ರೂಪ ಸಾಕಂತೆ. ‘ತಿಂದೆ’, ‘ತಿಂದಿದ್ದೇನೆ’ ಎರಡನ್ನೂ ಹುಟ್ಟಿನಿಂದಲೇ ಪಡೆದಿದ್ದ ನಾನು, “ತಿಂದದ್ದು ಮುಗಿದಿದೆ, ಹೊಟ್ಟೆ ಈಗಲೂ ತುಂಬಿದೆ. ಅದಕ್ಕೇ ಹ್ಯಾವ್,” ಎಂದು ತೀರ್ಪಿತ್ತೆ. ಅಭ್ಯಾಸಕ್ಕೆಂದು ದಿನವೂ ಫೋನಿನಲ್ಲಿ “ಹ್ಯಾವ್ ಯು ಈಟನ್?” ಎಂದೇ ಮಾತು ಆರಂಭಿಸಿದೆ. ಸಿಕ್ಕವರನ್ನೆಲ್ಲ ಊಟವಾಯಿತೇ ಎನ್ನುವುದು ನಮ್ಮಲ್ಲಿ ಕ್ರಮವಷ್ಟೆ.

ಕೇಳಿಸಿಕೊಂಡ ಮಗಳು, “ಅಮ್ಮ, ಇಲ್ಲಿ ಯಾರೂ ಹಾಗೆ ಹಾಯ್ ಹೇಳಲ್ಲ. ಇಟ್ಸ್ ಸೋ ವಿಯರ್ಡ್. ಆ ಆಂಟಿ ಇಂಟರ್‌ವ್ಯೂನಲ್ಲೂ ಅದೇ ಕೇಳ್ತಾರೆ, ನೋಡು,” ಎಂದಳು.

“ಸುಮ್ನಿರೇ, ಟೀಚರ್ ನಾನು.”

ಸಂದರ್ಶನದ ದಿನ ಮಧ್ಯಾಹ್ನ ಮಿಚಿಕೊ ಫೋನ್ ಮಾಡಿದರು. ಕೊಠಡಿಗೆ ಹೋದವರೇ ಮುಖ್ಯ ಶಿಕ್ಷಕಿಗೆ ತಲೆಬಾಗಿ, “ಹ್ಯಾವ್ ಯು ಈಟನ್?” ಎಂದರಂತೆ.

“ಅವರೇನಂದ್ರು?”

“ನಾಟ್ ಯೆಟ್ ಅಂದರು. ಬೆಳಗಿನಿಂದ ಯಾರೂ ಕೇಳಿರಲಿಲ್ಲವಂತೆ. ನನ್ನ ಬುತ್ತಿಯಿಂದ ಒಂದು ಅನ್ನದುಂಡೆ ಕೊಟ್ಟೆ.”

“ಅಯ್ಯೋ. ಆಮೇಲೆ?”

“ತಿನ್ನುತ್ತಾ ಕೇಳಿದರು, ಮಗು ಊಟ ಬೇಡ ಅಂದ್ರೆ ಏನು ಮಾಡ್ತೀರಿ ಅಂತ. ಅದು ನನಗೆ ಗೊತ್ತು. ಅರ್ಧ ಗಂಟೆ ಮಾತಾಡಿದೆ. ಹ್ಯಾವ್ ಎಷ್ಟು ಬಿಟ್ಟೆನೋ ಗೊತ್ತಿಲ್ಲ. ಸೋಮವಾರದಿಂದ ಬನ್ನಿ ಅಂದಿದ್ದಾರೆ.”

ಮಗಳಿಗೆ ಈ ವರದಿಯನ್ನು ಎರಡು ಬಾರಿ ಒಪ್ಪಿಸಿದೆ.

ಇಷ್ಟು ಬರೆಯುವಷ್ಟರಲ್ಲಿ ಎರಡು ಗಂಟೆಯಾಗಿದೆ. ಮಿಚಿಕೊ ಅವರ ಸಂದೇಶ ಬಂದಿದೆ: ಊಟವಾಗಿದೆಯೇ ಎಂದು. ಸಿಕ್ಕವರನ್ನೆಲ್ಲ ಕೇಳಿ, ಉತ್ತರಕ್ಕೆ ನಿಲ್ಲದೆ ಮುಂದೆ ಹೋಗುತ್ತಿದ್ದವಳು ನಾನು. ಅವರು ಉತ್ತರಕ್ಕೆ ಕಾಯುತ್ತಾರೆ. ಆದ್ದರಿಂದ ಲೇಖನಿ ಕೆಳಗಿಟ್ಟು, ಎಳ್ಳಿನ ಪುಡಿಯೊಂದಿಗೆ ಊಟಕ್ಕೆ ಏಳುತ್ತಿದ್ದೇನೆ. ಈ ಅವಸರದಲ್ಲಿ ಉಳಿದಿರುವ ತಪ್ಪುಗಳನ್ನು ದಯವಿಟ್ಟು ತಾವೇ ತಿದ್ದಬೇಕಾಗಿ ವಿನಂತಿ.