ಪುಟದ ಕೊನೆಯ ಸಾಲು

ಆ ಅಂಗಡಿಯಲ್ಲಿ ಬೈಬಲ್ ಓದದವರೇ ಇರಲಿಲ್ಲ. ಪೂರ್ತಿ ಓದಿದವರೂ ಇರಲಿಲ್ಲ. ಅಪ್ಪ ಪುಸ್ತಕಗಳಿಗೆ ಬೈಂಡು ಹಾಕುವವನು. ಹಳೆಯ ಬೈಬಲ್‌ಗಳು ಹಾಳೆ ಹಾಳೆಯಾಗಿ ಬಂದು ಬೀಳುತ್ತಿದ್ದವು, ಪುಟಸಂಖ್ಯೆ ಇರುವ ಮೂಲೆಗಳನ್ನೆಲ್ಲ ಇಲಿ ತಿಂದಿರುತ್ತಿತ್ತು. ಅಕ್ಕ ಒಂದು ಪುಟದ ಕೊನೆಯ ಸಾಲು ಕೂಗುವಳು. ಮುಂದಿನ ಪುಟದ ಮೊದಲ ಸಾಲು ಹುಡುಕಿ ತಮ್ಮ ಕೂಗುವನು. ಹಾಳೆ ತಪ್ಪಿದರೆ ನೋಹನ ನಾವೆಯಿಂದ ಇಳಿದ ಒಂಟೆ ಸೀದಾ ಯಾರದೋ ಮದುವೆ ಊಟಕ್ಕೆ ಕೂರುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ನಡುವಿನದ್ದು ಓದ್ತಾ ಕೂತ್ರೆ ಹೊಲಿಯೋರ್ಯಾರು, ನಿಮ್ಮಜ್ಜನಾ?” ಎಂದು ಅಪ್ಪ ಗದರುತ್ತಿದ್ದ, ಗದರಿ ತಾನೂ ನಗುತ್ತಿದ್ದ. ಎಂಥ ಸುಖದ ದಿನಗಳು ಅವು! ಈಗಲೂ ಅಂಟು ಕಾಯುವ ವಾಸನೆ ಬಂದರೆ ಅಕ್ಕನಿಗೆ ಆ ಮೂವರ ನಗು ಕೇಳಿಸುತ್ತದೆ.

ತಮ್ಮನಿಗೆ ಇಪ್ಪತ್ತಾದ ವರ್ಷ, ಒಂದು ಮಧ್ಯಾಹ್ನ ಅವನು ಅಂಟಿನ ಒಲೆ ಆರಿಸದೆ ಊಟಕ್ಕೆ ಹೋದ. ಅಂಗಡಿಗೆ ಬೆಂಕಿ ಬಿತ್ತು. ಗಿರಾಕಿಗಳ ಪುಸ್ತಕ ಉಳಿಸಲು ಒಳನುಗ್ಗಿದ ಅಪ್ಪ ಹೊಗೆ ಕುಡಿದು ಮೂರನೆಯ ದಿನ ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ಅಕ್ಕನ ಬಾಯಿಗೆ ಬಂದದ್ದು ಯಾವುದೋ ಪುಟದ ಕೊನೆಯ ಸಾಲು.

“ಪಾಪ ಮಾಡಿದವನೇ ಸಾಯಬೇಕು ಅಂತ ದೇವರೇ ಹೇಳಿದ್ದಾನೆ. ಸತ್ತಿದ್ದು ಅಪ್ಪ, ಉಳಿದಿದ್ದು ನೀನು!”

ತಮ್ಮ ಮರುವಾರ ಊರು ಬಿಟ್ಟ. ಆಮೇಲೆ ವರ್ಷಕ್ಕೊಂದು ಕಾರ್ಡು, ಕೆಳಗೆ ಅವನ ಫೋನ್ ನಂಬರು. ಹತ್ತೊಂಬತ್ತು ಕಾರ್ಡುಗಳನ್ನು ಅಕ್ಕ ಡ್ರಾಯರಿಗೆ ತಳ್ಳಿದಳು. ದೇವರೇ ತನ್ನ ಕಡೆ ಇರುವಾಗ ಉತ್ತರ ಬರೆಯುವ ದರ್ದೇನು?

ಅಪ್ಪನ ಕೆಲಸವನ್ನು ಅಕ್ಕನೇ ಮುಂದುವರಿಸಿದ್ದಳು. ಮೊನ್ನೆ ನಿವೃತ್ತ ಟೀಚರಮ್ಮ ಒಬ್ಬರ ಬೈಬಲ್ ರಿಪೇರಿಗೆ ಬಂತು. ಅದರ ಒಂದು ಹಾಳೆ ಮೇಲಿಂದ ಕೆಳಗಿನವರೆಗೂ ಸೀಳಿತ್ತು. ಸೀಳಿದ ಹಾಳೆಗೆ ತೆಳು ಕಾಗದ ಅಂಟಿಸುವಾಗ ಎಡಗಡೆಯ ಅರ್ಧ ಅಕ್ಷರಕ್ಕೆ ಬಲಗಡೆಯ ಅರ್ಧ ಕೂಡಬೇಕು. ಸಾಲು ಸಾಲೂ ಓದದೆ ಗತಿಯಿಲ್ಲ. ಅದರ ಹಿಂದಿನ ಪುಟದ ಕೊನೆಯಲ್ಲಿ ಅವಳು ಅಂದು ತಮ್ಮನಿಗೆ ಅಂದ ಆ ಮಾತೇ ಇತ್ತು. “ಓ, ಇಲ್ಲಿದ್ದೀಯಾ” ಎಂದುಕೊಂಡು ಅಕ್ಕ ಕೆಲಸಕ್ಕೆ ಕೂತಳು. ಹಾಳೆಯ ನಡುವಿಗೆ ಬರುವಷ್ಟರಲ್ಲಿ ಅವಳ ಬ್ರಷ್ಷು ನಿಂತಿತು. ತಪ್ಪು ಮಾಡಿದವನು ದಾರಿ ತಿದ್ದಿಕೊಂಡರೆ ದೇವರು ಅವನ ಹಳೆಯ ತಪ್ಪೊಂದನ್ನೂ ನೆನಪಿಡುವುದಿಲ್ಲವಂತೆ. ಕೆಟ್ಟವನು ಸತ್ತರೆ ನನಗೇನು ಸಂತೋಷ, ಅವನು ತಿರುಗಿಕೊಂಡು ಬದುಕಲಿ ಎಂದಲ್ಲವೇ ನನ್ನ ಆಸೆ ಎಂದು ದೇವರೇ ಕೇಳುತ್ತಿದ್ದ. ಅವಳು ತೀರ್ಪು ಎಂದುಕೊಂಡಿದ್ದು ಬರೀ ಮಾತಿನ ಶುರು. ದೇವರ ಮಾತನ್ನು ಅರ್ಧಕ್ಕೇ ಕತ್ತರಿಸಿ ತಮ್ಮನ ಮುಖಕ್ಕೆ ಎಸೆದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದಳು.

ಅಂಟಿನ ಕೈಯಲ್ಲೇ ಫೋನ್ ಮಾಡಿದಳು. ತಮ್ಮ “ಹಲೋ” ಎಂದ ತಕ್ಷಣ, ಹೇಗಿದ್ದೀಯ ಎಂದೂ ಕೇಳದೆ, ಹಾಳೆ ಹಿಡಿದು ಗಡಗಡ ಓದತೊಡಗಿದಳು. ಅವಳು ಉಸಿರೆಳೆದುಕೊಳ್ಳಲು ನಿಂತಾಗ ಆ ಕಡೆಯಿಂದ ಅವನೇ ಮುಂದಿನ ಸಾಲು ಹೇಳಿದ.

“ನಿಂಗೆ ಹೇಗೋ ಗೊತ್ತು?”

“ನೀನು ಅಂದ ಮಾರನೇ ದಿನಾನೇ ಹುಡುಕಿ ಪೂರ್ತಿ ಓದಿದ್ದೆ ಅಕ್ಕಾ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ದೇವರ ಕೋಪದ್ದು ನಂಗೆ ಅವತ್ತೇ ಇತ್ಯರ್ಥ ಆಯ್ತು. ನಿನ್ನ ಕೋಪ ಇಳಿಯೋದಕ್ಕೆ ಕಾಯ್ತಿದ್ದೆ.”

ಅಕ್ಕನಿಗೆ ಅಳು ತಡೆಯಲಾಗಲಿಲ್ಲ. “ಇಳೀತು ಕಣೋ, ಬಾ” ಎಂದಳು.