ಮ್ಯಾಟಿ ಲೂಗೊಂದು ಬೀಸಣಿಗೆ

ಅಲಬಾಮಾದ ಹಾರ್ಪರ್ಸ್ ಬೆಂಡ್ ಊರಿನ ನಮ್ಮ ಚರ್ಚಿನ ಬಾಗಿಲಲ್ಲಿ ಒಜೆಲ್ಲಾ ಟ್ರಿಂಬಲ್ ಮೂವತ್ತು ವರ್ಷ ಬಿಳಿ ಕೈಗವಸು ತೊಟ್ಟು ನಿಂತಳು. ಬಂದವರಿಗೆ ಜಾಗ ತೋರಿಸುವುದು, ಕೈಗೊಂದು ರಟ್ಟಿನ ಬೀಸಣಿಗೆ ಕೊಡುವುದು, ನಿದ್ದೆ ಹೋದವರ ಭುಜ ತಟ್ಟುವುದು ಅವಳ ಕಾಯಕ. ಬೀಸಣಿಗೆಯ ಒಂದು ಮಗ್ಗುಲಲ್ಲಿ ಸಮಾನ ಹಕ್ಕುಗಳಿಗಾಗಿ ಜೈಲು ಕಂಡ ನಮ್ಮ ಕಪ್ಪು ನಾಯಕರು, ಲೋಕ ಗೆದ್ದ ಹಾಡುಗಾರರು, ಬೀಸಣಿಗೆಗೊಬ್ಬರಂತೆ. ಇನ್ನೊಂದು ಮಗ್ಗುಲಲ್ಲಿ ಅದನ್ನು ಪುಕ್ಕಟೆ ಅಚ್ಚು ಹಾಕಿಸಿ ಕೊಡುವ ಶವಸಂಸ್ಕಾರದ ಅಂಗಡಿಯ ವಿಳಾಸ. ದೊಡ್ಡವರನ್ನು ನೆನೆಯುತ್ತಲೇ ನಮ್ಮ ಸರದಿಯೂ ನೆನಪಿರಲಿ ಎಂದು.

೧೯೮೮ರಲ್ಲಿ ಹೊಸ ಬೀಸಣಿಗೆಗಳಿಗೆ ಎಂಟು ಮುಖ ಬೇಕಾದವು. ಏಳು ಸಲೀಸಾಗಿ ಸಿಕ್ಕವು. ಎಂಟನೆಯದು ತೀರಿಹೋದ ತನ್ನ ಗೆಳತಿ ಮ್ಯಾಟಿ ಲೂಳದೇ ಆಗಬೇಕೆಂದು ಒಜೆಲ್ಲಾ ಹಟ ಹಿಡಿದಳು. ಓಟಿನ ಹಕ್ಕಿಗಾಗಿ ಊರವರು ಹೊರಟ ಮೆರವಣಿಗೆಯ ಫಲಕಗಳನ್ನೆಲ್ಲ ಬರೆದವಳು ಮ್ಯಾಟಿ ಲೂ. ಮೊದಲ ಅಕ್ಷರ ಆನೆಯಷ್ಟು, ಕೊನೆಯದು ಇರುವೆಯಷ್ಟು. ಕೇಳಿದರೆ, "ಹಲಗೆ ಚಿಕ್ಕದು ಕಣೋ, ಹಕ್ಕು ದೊಡ್ಡದು" ಅನ್ನುತ್ತಿದ್ದಳು.

"ಫೋಟೋ ಕೊಡು," ಎಂದರು ಚರ್ಚಿನ ಹಿರಿಯರೂ ಬೀಸಣಿಗೆ ಸಮಿತಿಯ ಯಜಮಾನರೂ ಆದ ಡೀಕನ್ ಹೊಸೀಯಾ.

ಇದ್ದದ್ದು ಒಂದೇ. ಅದರಲ್ಲಿ ಮ್ಯಾಟಿ ಲೂ ಫಲಕವನ್ನು ಮುಖಕ್ಕೇ ಅಡ್ಡ ಹಿಡಿದಿದ್ದಳು. ಪತ್ರಿಕೆಯಲ್ಲಿ ಮುಖ ಬಂದರೆ ಬಿಳಿಯರ ಮನೆಯ ಅಡಿಗೆ ಕೆಲಸ ಹೋಗುತ್ತಿದ್ದ ಕಾಲ.

"ಅಯ್ಯೋ ಒಜೆಲ್ಲಕ್ಕ, ಮುಖ ಎಲ್ಲಿದೆ? ಹಲಗೆಗೆ ಎರಡು ಕಾಲು ಬಂದ ಹಾಗಿದೆ!"

"ನಿನ್ನ ಮುಖ ಎಲ್ಲಾ ಫೋಟೋದಲ್ಲೂ ಇದೆಯಲ್ಲ ಹೊಸೀಯಾ, ಅದರಿಂದ ಯಾರಿಗೆ ಓಟು ಬಂತು?"

ಸಮಿತಿ ನಕ್ಕಿತು, ಒಪ್ಪಲಿಲ್ಲ.

ಮುಂದಿನ ಭಾನುವಾರ ಜುಲೈನ ಸೆಕೆ. ಒಜೆಲ್ಲಾ ನಗುನಗುತ್ತ ಎಲ್ಲರಿಗೂ ಜಾಗ ತೋರಿಸಿದಳು. ಆಮೇಲೆ ಯಾರಿಗೂ ಒಂದನ್ನೂ ಕೊಡದೆ ಬೀಸಣಿಗೆಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಪಾದ್ರಿಗಳು ಉಪದೇಶದಲ್ಲಿ ಮೋಶೆಯನ್ನು ಸಮುದ್ರ ದಾಟಿಸುವಷ್ಟರಲ್ಲಿ ಸಭೆಯೇ ಬೆವರಿನ ಸಮುದ್ರವಾಗಿತ್ತು. ಮೂರು ತುಂಡಿನ ಸೂಟಿನಲ್ಲಿ ಬೇಯುತ್ತ ಡೀಕನ್ ಬಂದು ಪಿಸುಗುಟ್ಟಿದರು.

"ಏಳು ತಾಯಿ, ಪೆಟ್ಟಿಗೆ ಬಿಡು."

"ಏಳಲ್ಲ. ಬಸ್ಸಲ್ಲೂ ಏಳದೆ ಕೂತೇ ಗೆದ್ದೋರು ನಾವು, ಇದೇನು ಹೊಸದಾ?"

"ಮುಖಾನೇ ಇಲ್ದಿದ್ರೆ ಜನ ಹೇಗಮ್ಮ ಗುರುತು ಹಿಡೀತಾರೆ?"

"ನಿನಗೆ ಗುರುತು ಸಿಗಲಿಲ್ವಾ?"

ಡೀಕನ್ ಕರವಸ್ತ್ರ ಹಿಂಡಿದರು. "ಸಿಕ್ತು. ಆ ಇರುವೆ ಅಕ್ಷರ ನೋಡಿದ ಕೂಡಲೇ ಸಿಕ್ತು. ಹಾಕಿಸ್ತೀನಿ ಮಾರಾಯ್ತಿ, ಈಗೊಂದು ಬೀಸಣಿಗೆ ಕೊಡು."

ಒಜೆಲ್ಲಾ ಎದ್ದಳು.

ಆಗಸ್ಟಿನಲ್ಲಿ ಹೊಸವು ಬಂದವು. ಮ್ಯಾಟಿ ಲೂ ಇದ್ದದ್ದನ್ನು ಒಜೆಲ್ಲಾ ಮೊದಲು ಡೀಕನ್ನರ ಕೈಗೇ ಇಟ್ಟಳು. ಅಂದು ಪಾದ್ರಿಗಳ ಉಪದೇಶ ಉದ್ದವಾಯಿತು. ಡೀಕನ್ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಮುಂದಿನ ಸಾಲಿನಲ್ಲಿ ಮ್ಯಾಟಿ ಲೂ ಬಂದು ಕೂತಂತೆ ಕಂಡಿತು. ಬೀಸಣಿಗೆಯ ಹಿಂದಿನಿಂದ ಸಣ್ಣ ಗೊರಕೆ. ಭುಜ ತಟ್ಟಲೆಂದು ಹೋದ ಒಜೆಲ್ಲಾ, ಎಚ್ಚರವಾದರೆ ಬೀಸಣಿಗೆ ಕೆಳಗಿಳಿಯುತ್ತದೆಂದು ಸುಮ್ಮನೆ ಹಿಂದಿರುಗಿದಳು.