ದವಡೆಗೆ ಹಾಕಿದ ಅರ

ನನ್ನ ಹಳೇ ಡೈರಿಯ ಆಗಸ್ಟ್ ಒಂಬತ್ತರ ಪುಟದಲ್ಲಿ ‘ಮಗಳ ದವಡೆ, ಎಡಗಡೆ ಮೂಳೆ ಉಬ್ಬು, ನಾಳೆ ಆಪರೇಷನ್’ ಎಂದಿದೆ. ನರಕ್ಕೆ ಪೆಟ್ಟಾದರೆ ಕೆಳತುಟಿ ಶಾಶ್ವತವಾಗಿ ಮರಗಟ್ಟಬಹುದು ಎಂದು ಶಿವಮೊಗ್ಗದ ಡಾಕ್ಟರಮ್ಮ ಮೊದಲೇ ಹೇಳಿದ್ದರು. ನನಗೆ ಅದೇ ಭಯ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ನಮ್ಮ ಯಜಮಾನರಿಗೆ ಮಾತ್ರ ಬೇರೆಯದೇ ಚಿಂತೆ.

“ಮೇಡಂ, ಯಾವ ಗರಗಸದಲ್ಲಿ ಕೊಯ್ತೀರಿ? ಸ್ವಲ್ಪ ತೋರಿಸ್ತೀರಾ?”

“ಸುಮ್ಮನಿರ್ರೀ” ಎಂದು ಗದರಿದೆ. ಡಾಕ್ಟರಮ್ಮ ನಗುತ್ತಾ ಫೋನಿನಲ್ಲಿ ಚಿತ್ರ ತೋರಿಸಿದರು. ಒಂದು ಪುಟ್ಟ ಗರಗಸ, ಮೂಳೆಯನ್ನು ಉಜ್ಜಿ ನಯ ಮಾಡುವ ಒಂದು ಅರ.

“ಗುರುತು ಹಾಕಿದ ಗೆರೆ ತನಕ ಕೊಯ್ಯಬೇಡಿ ಮೇಡಂ. ಕೂದಲೆಳೆಯಷ್ಟು ಬಿಟ್ಟು, ಉಳಿದದ್ದನ್ನ ಅರದಲ್ಲಿ ತೆಗೀರಿ. ಜಾಸ್ತಿ ಹೋದ್ರೆ ವಾಪಸ್ ಅಂಟಿಸೋಕಾಗಲ್ಲ.”

“ನಮ್ಮ ಮೇಷ್ಟ್ರೂ ಹೀಗೇ ಬೈದು ಕಲಿಸಿದ್ರು, ಸರ್!”

ಆಪರೇಷನ್ ಆಗಿ ಬಾವು ಇಳಿದ ಮೇಲೆ ಡಾಕ್ಟರಮ್ಮ ಮಗಳ ಕಣ್ಣು ಮುಚ್ಚಿಸಿ, ಕೆಳತುಟಿಗೆ ಹತ್ತಿ ಮುಟ್ಟಿಸಿದರು.

“ಅಯ್ಯೋ, ಕಚಗುಳಿ!” ಎಂದಳು. ನಾನು ಅತ್ತೇಬಿಟ್ಟೆ. ಯಜಮಾನರು ಅವಳ ದವಡೆಯ ಮೇಲೆ ಹೆಬ್ಬೆರಳು ಆಡಿಸಿ, “ಫಿನಿಶಿಂಗ್ ಪಾಸ್” ಎಂದರು.

ಕೊನೆಗೆ ಒಟ್ಟು ತಗುಲಿದ್ದು: ಮಗಳು ಕೂಡಿಟ್ಟಿದ್ದ ಹಣ, ನಾಲ್ಕು ವಾರ ಗಂಜಿ, ಮತ್ತು ಯಜಮಾನರು ಯಾರಿಗೂ ಮುಟ್ಟಲು ಕೊಡದೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹೊಸ ಅರ. ಅವರೇ ಕಾಣಿಕೆಯಾಗಿ ಕೊಟ್ಟ ಅದು ಈಗ ಡಾಕ್ಟರಮ್ಮನ ಮೇಜಿನ ಮೇಲಿದೆ.